ಜಾಯ್‌ಸ್ಟಿಕ್ಕಿನೊಳಗೆ ಅಡಗಿದ ಕಂಪ್ಯೂಟರನ್ನು ಹೊರಗೆ ತರುವ ಬಗೆ

ಟೀವಿಗೆ ನೇರವಾಗಿ ಸಿಕ್ಕಿಸಿ ಆಡುವ ಜಾಯ್‌ಸ್ಟಿಕ್ ಆಟಿಕೆಗಳನ್ನು ನೀವು ನೋಡಿರುತ್ತೀರಿ. ನಾಲ್ಕು ಪೆನ್ಸಿಲ್ ಸೆಲ್, ಚಿತ್ರಕ್ಕೊಂದು ಹಳದಿ ಪಿನ್ನು, ಧ್ವನಿಗೊಂದು ಬಿಳಿ ಪಿನ್ನು, ಒಳಗೆ ಒಂದಷ್ಟು ಹಳೆಯ ಆಟಗಳು. ಹೆಚ್ಚಿನವರಿಗೆ ಅದು ಅಷ್ಟೇ. ಆಡಿ ಬೇಸರವಾದ ಮೇಲೆ ಅಟ್ಟ ಸೇರುತ್ತದೆ, ಸೆಲ್ ಒಳಗೇ ಸೋರಿ ತಗಡು ಹಸಿರು ಹಿಡಿಯುತ್ತದೆ, ಕೊನೆಗೆ ಕಸವಾಗುತ್ತದೆ. ಇದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಇವುಗಳಲ್ಲಿ ಕೆಲವು ಬರೀ ಆಟಿಕೆಗಳಲ್ಲ. ಕೀಬೋರ್ಡ್ ಸಿಕ್ಕಿಸಿದರೆ ಪ್ರೋಗ್ರಾಂ ಬರೆಯಬಹುದಾದ ಪೂರ್ಣ ಕಂಪ್ಯೂಟರುಗಳು.

ಈ ಮಾತಿಗೆ ಅತ್ಯುತ್ತಮ ಉದಾಹರಣೆ ಕಮೊಡೋರ್ 64 ಡಿಟಿವಿ (ಡೈರೆಕ್ಟ್ ಟು ಟೀವಿ, ಅಂದರೆ ಟೀವಿಗೆ ನೇರವಾಗಿ ಸಿಕ್ಕಿಸುವಂಥದ್ದು). 1982ರಲ್ಲಿ ಬಂದ ಕಮೊಡೋರ್ 64 ಕಂಪ್ಯೂಟರನ್ನು ಒಂದೇ ಚಿಪ್ಪಿನಲ್ಲಿ ಮತ್ತೆ ಕಟ್ಟಿ, ಜಾಯ್‌ಸ್ಟಿಕ್ಕಿನ ಬುಡದೊಳಗೆ ಕೂರಿಸಿದವರು ಅಮೆರಿಕದ ಜೆರಿ ಎಲ್ಸ್‌ವರ್ತ್. ಎನ್‌ಟಿಎಸ್‌ಸಿ ಟೀವಿಗಳಿಗಾಗಿ 2004ರ ಕೊನೆಯಲ್ಲಿ ಮಾರುಕಟ್ಟೆಗೆ ಬಂತು, ಪಾಲ್ ಟೀವಿಗಳ ಆವೃತ್ತಿ 2005ರಲ್ಲಿ (ಎನ್‌ಟಿಎಸ್‌ಸಿ ಅಮೆರಿಕ ಮೊದಲಾದ ಕಡೆಯ ಟೀವಿ ಪದ್ಧತಿ, ಪಾಲ್ ಯುರೋಪು, ಭಾರತ ಮೊದಲಾದ ಕಡೆಯದು). ಒಳಗೆ 30 ಆಟಗಳಿವೆ. ಆದರೆ ನಾನು ಅವರನ್ನು ಮೆಚ್ಚುವುದು ಆಟಗಳಿಗಾಗಿ ಅಲ್ಲ. ಆಟಿಕೆಗೆ ಬೇಕಿಲ್ಲದಿದ್ದರೂ ಕೀಬೋರ್ಡು, ಡಿಸ್ಕ್ ಡ್ರೈವು, ಎರಡನೆಯ ಜಾಯ್‌ಸ್ಟಿಕ್ಕುಗಳಿಗೆ ಬೇಕಾದ ಸಂಪರ್ಕಗಳನ್ನು ಅವರು ಬೋರ್ಡಿನ ಮೇಲೆ ಉಳಿಸಿಕೊಟ್ಟರು. ಮುಂದೆ ಯಾರಾದರೂ ತೆರೆದು ನೋಡುತ್ತಾರೆ ಎಂಬ ಭರವಸೆಯಿಂದ ಮಾಡಿದ ಕೆಲಸ ಅದು. ಆ ಭರವಸೆಯನ್ನು ಹೇಗೆ ನಡೆಸಿಕೊಡುವುದು ಎಂದು ಇಲ್ಲಿ ಹೇಳುತ್ತೇನೆ. ನಿಮ್ಮ ಬಳಿ ಇರುವುದು ಬೇರೆ ಬಗೆಯ ಜಾಯ್‌ಸ್ಟಿಕ್ಕಾದರೂ ವಿದ್ಯುತ್ತು, ಗುಂಡಿ, ತಂತಿಗಳಿಗೆ ಸಂಬಂಧಿಸಿದ ಭಾಗಗಳು ಹಾಗೆಯೇ ಅನ್ವಯಿಸುತ್ತವೆ.

ಒಂದು ನಿಯಮವನ್ನು ಮೊದಲೇ ಹೇಳಿಬಿಡುತ್ತೇನೆ. ಬಿಚ್ಚಿದರೆ ಮೊದಲಿನಂತೆಯೇ ಆಗುವ ಕೆಲಸಗಳನ್ನು ಮೊದಲು ಮಾಡಿ. ಬೋರ್ಡಿನ ಮೇಲಿನ ಬಿಡಿಭಾಗ ಕೀಳುವ, ತಾಮ್ರದ ಗೆರೆ ಕಡಿಯುವ ಕೆಲಸಗಳು ಕೊನೆಗೆ. ಈ ವಸ್ತುಗಳನ್ನು ಈಗ ಯಾರೂ ತಯಾರಿಸುತ್ತಿಲ್ಲ. ಒಂದು ಬೋರ್ಡ್ ಸುಟ್ಟರೆ ಪ್ರಪಂಚದಲ್ಲಿ ಒಂದು ಕಡಿಮೆಯಾದಂತೆಯೇ.

ತೆರೆಯುವ ಮುನ್ನ, ತೆರೆದ ಮೇಲೆ

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಸಣ್ಣ ಫಿಲಿಪ್ಸ್ ಸ್ಕ್ರೂ ಡ್ರೈವರ್, ತಾಪಮಾನ ಹೊಂದಿಸಬಹುದಾದ ಸೋಲ್ಡರಿಂಗ್ ಐರನ್, ತೆಳ್ಳಗಿನ ಸೋಲ್ಡರ್ ತಂತಿ, ರೋಸಿನ್ ಫ್ಲಕ್ಸ್, ಮಲ್ಟಿಮೀಟರ್, 30 ಗೇಜಿನ ತೆಳು ತಂತಿ, ಐಸೊಪ್ರೊಪೈಲ್ ಆಲ್ಕೊಹಾಲ್, ಬಿಸಿ ಅಂಟು. ಮಲ್ಟಿಮೀಟರ್ ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬೇಡಿ. ಐರನ್ ಸಾಧಾರಣದ್ದಾದರೂ ನಡೆಯುತ್ತದೆ, ಮೀಟರ್ ಇಲ್ಲದಿದ್ದರೆ ನಡೆಯುವುದಿಲ್ಲ.

ಸೆಲ್‌ಗಳನ್ನು ತೆಗೆದು ಜಾಯ್‌ಸ್ಟಿಕ್ಕನ್ನು ಮಗುಚಿ. ಸ್ಕ್ರೂಗಳು ಬುಡದಲ್ಲಿರುತ್ತವೆ, ಕೆಲವೊಮ್ಮೆ ರಬ್ಬರ್ ಪಾದದ ಅಡಿಯಲ್ಲೋ ಲೇಬಲ್ಲಿನ ಅಡಿಯಲ್ಲೋ ಒಂದೆರಡು ಅಡಗಿರುತ್ತವೆ. ಮುಚ್ಚಳ ಬರದಿದ್ದರೆ ಇನ್ನೂ ಒಂದು ಸ್ಕ್ರೂ ಉಳಿದಿದೆ ಎಂದೇ ಅರ್ಥ, ಬಲ ಹಾಕಬೇಡಿ. ತೆರೆದ ಕೂಡಲೇ ಎರಡೂ ಭಾಗಗಳನ್ನು ದೂರ ಎಳೆಯಬೇಡಿ. ಸೆಲ್ ಗೂಡಿನ ತಂತಿಗಳು ಕೆಳಗಿನ ಭಾಗದಿಂದ ಬೋರ್ಡಿಗೆ ಹೋಗಿರುತ್ತವೆ, ಅವು ಕೂದಲಿನಷ್ಟು ಸಣ್ಣವು. ಬೋರ್ಡಿನ ಎರಡೂ ಬದಿಯ ಚಿತ್ರಗಳನ್ನು ಒಳ್ಳೆಯ ಬೆಳಕಿನಲ್ಲಿ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಯಾವ ಬಣ್ಣದ ತಂತಿ ಎಲ್ಲಿತ್ತು ಎಂಬುದು ಮಾತ್ರವಲ್ಲ, ಸ್ಪ್ರಿಂಗ್ ಯಾವ ಕಡೆ ಮುಖ ಮಾಡಿತ್ತು ಎಂಬುದೂ ಆ ಚಿತ್ರದಲ್ಲಿ ಸಿಗಬೇಕು.

ಈಗ ಬೋರ್ಡನ್ನು ನೋಡಿ. ಅದರ ಮೇಲೆ ಕಪ್ಪು ಅಂಟಿನ ಗುಡ್ಡೆಯೊಂದು ಕಾಣುತ್ತಿದೆಯೇ? ಅದರ ಅಡಿಯಲ್ಲೇ ಮುಖ್ಯ ಚಿಪ್ಪು ಇರುತ್ತದೆ. ಅಗ್ಗವಾಗಲೆಂದು ಚಿಪ್ಪನ್ನು ಬೋರ್ಡಿಗೆ ನೇರವಾಗಿ ಜೋಡಿಸಿ ಮೇಲೆ ಎಪಾಕ್ಸಿ ಸುರಿದಿರುತ್ತಾರೆ. ಆ ಗುಡ್ಡೆಯನ್ನು ಕೆರೆದು ನೋಡುವ ಆಸೆ ಬೇಡ. ಒಳಗಿನ ತಂತಿಗಳು ತುಂಡಾದರೆ ಬೋರ್ಡಿನ ಕತೆ ಅಲ್ಲಿಗೆ ಮುಗಿಯಿತು. ನಮಗೆ ಬೇಕಾದದ್ದು ಗುಡ್ಡೆಯ ಸುತ್ತ ಹೊರಬಂದಿರುವ ಗೆರೆಗಳು ಮತ್ತು ಅವುಗಳ ತುದಿಯ ಖಾಲಿ ಪ್ಯಾಡುಗಳು, ಅಂದರೆ ತಂತಿ ಬೆಸೆಯಲು ಬಿಟ್ಟ ತಾಮ್ರದ ಚುಕ್ಕೆಗಳು. ಡಿಟಿವಿ ಬೋರ್ಡುಗಳಲ್ಲಿ ಪ್ಯಾಡುಗಳ ಜಾಗ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. ಆದ್ದರಿಂದ ನಿಮ್ಮ ಬೋರ್ಡಿನ ಆವೃತ್ತಿಯ ನಕ್ಷೆಯನ್ನೇ ಎದುರಿಗಿಟ್ಟುಕೊಳ್ಳಿ. ಎನ್‌ಟಿಎಸ್‌ಸಿ ನಕ್ಷೆ ನೋಡಿ ಪಾಲ್ ಬೋರ್ಡಿಗೆ ಬೆಸುಗೆ ಹಾಕಬೇಡಿ.

ಎರಡಕ್ಕೂ ಒಳಗಿನ ವ್ಯತ್ಯಾಸವೂ ಇದೆ. ಮೊದಲು ಬಂದ ಎನ್‌ಟಿಎಸ್‌ಸಿ ಡಿಟಿವಿಯಲ್ಲಿ 128 ಕಿಲೋಬೈಟ್ ರ‍್ಯಾಮ್ ಮತ್ತು ಆಟಗಳನ್ನು ಶಾಶ್ವತವಾಗಿ ಅಚ್ಚೊತ್ತಿದ 2 ಮೆಗಾಬೈಟ್ ರೋಮ್ (ಓದಲು ಮಾತ್ರ ಬರುವ ನೆನಪಿನ ಚಿಪ್ಪು) ಇದ್ದವು. ಪಾಲ್ ಆವೃತ್ತಿಗೆ 2 ಮೆಗಾಬೈಟ್ ರ‍್ಯಾಮ್ ಕೊಟ್ಟರು, ಆಟಗಳನ್ನು 2 ಮೆಗಾಬೈಟಿನ ಫ್ಲ್ಯಾಶ್ ಚಿಪ್ಪಿನಲ್ಲಿಟ್ಟರು. ಫ್ಲ್ಯಾಶನ್ನು ಅಳಿಸಿ ಬೇರೆ ಆಟಗಳನ್ನು ತುಂಬಬಹುದು. ಹಾಗಾಗಿ ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಪಾಲ್ ಆವೃತ್ತಿಯನ್ನೇ ಹುಡುಕಿ.

ಮೊದಲ ಕೆಲಸ ವಿದ್ಯುತ್ತಿನದು

ಕೀಬೋರ್ಡ್ ಜೋಡಿಸುವ ಆತುರ ಎಲ್ಲರಿಗೂ ಇರುತ್ತದೆ. ಆದರೂ ವಿದ್ಯುತ್ತನ್ನು ಮೊದಲು ಸರಿಮಾಡಿ. ಹೊಸ ಆಲ್ಕಲೈನ್ ಸೆಲ್ ನಾಲ್ಕು ಸೇರಿದರೆ 6 ವೋಲ್ಟ್. ಬಳಸುತ್ತಾ ಹೋದಂತೆ ಅದು 5ಕ್ಕೆ, ಅದಕ್ಕೂ ಕೆಳಗೆ ಇಳಿಯುತ್ತದೆ. ಕೀಬೋರ್ಡಿಗೂ ಡಿಸ್ಕಿಗೂ 5 ವೋಲ್ಟ್ ಸ್ಥಿರವಾಗಿ ಬೇಕು. ಸೆಲ್ ಅರ್ಧ ಖಾಲಿಯಾದಾಗ ಬರುವ ವಿಚಿತ್ರ ತೊಂದರೆಗಳನ್ನು ಬೆಸುಗೆಯ ತಪ್ಪು ಎಂದುಕೊಂಡು ಚೆನ್ನಾಗಿರುವ ಜೋಡಣೆಯನ್ನು ಮತ್ತೆ ಮತ್ತೆ ಬಿಚ್ಚಿ ಕಟ್ಟುವವರಿದ್ದಾರೆ. 5 ವೋಲ್ಟಿನ ನಿಯಂತ್ರಿತ ಅಡಾಪ್ಟರ್ ಇದ್ದರೆ ಆ ಗೊಂದಲವೇ ಇರುವುದಿಲ್ಲ. ಅದು ಹೊಸ ಸೆಲ್ಲಿನ 6 ವೋಲ್ಟಿಗಿಂತ ಕಡಿಮೆ, ಸೊರಗಿದ ಸೆಲ್ಲಿಗಿಂತ ಹೆಚ್ಚು. ಬೋರ್ಡಿಗೆ ಅಭ್ಯಾಸವಿರುವ ವ್ಯಾಪ್ತಿಯೊಳಗೇ ಇದೆ. 6 ವೋಲ್ಟ್ ಎಂದು ಬರೆದಿರುವ ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರನ್ನು ಮಾತ್ರ ಹಾಕಬೇಡಿ. ನಿಯಂತ್ರಣವಿಲ್ಲದ ಅಂಥವುಗಳಲ್ಲಿ ಹೊರೆ ಕಡಿಮೆಯಿದ್ದಾಗ ವೋಲ್ಟೇಜ್ ಬರೆದದ್ದಕ್ಕಿಂತ ಬಹಳ ಮೇಲೇರುತ್ತದೆ. ಯಾವ ಅಡಾಪ್ಟರಾದರೂ ಸಿಕ್ಕಿಸುವ ಮೊದಲು ಮೀಟರಿನಿಂದ ಅಳೆಯಿರಿ.

ಅಡಾಪ್ಟರ್ ಸಿಕ್ಕಿಸಲು ಜಾಯ್‌ಸ್ಟಿಕ್ ಡಬ್ಬಿಯ ಗೋಡೆಗೆ 2.1 ಮಿಲಿಮೀಟರಿನ ಬ್ಯಾರೆಲ್ ಜ್ಯಾಕ್ ಹಾಕುತ್ತೇವೆ. ಇಲ್ಲಿ ನಿಧಾನಿಸಿ. ಈ ಜ್ಯಾಕಿಗೆ ಮೂರು ಕಾಲುಗಳಿರುತ್ತವೆ. ಒಂದು ನಡುವಿನ ಕಡ್ಡಿಗೆ ಸೇರಿದ್ದು, ಎರಡನೆಯದು ಹೊರ ಕೊಳವೆಯನ್ನು ಮುಟ್ಟುವ ಸ್ಪ್ರಿಂಗಿಗೆ ಸೇರಿದ್ದು, ಮೂರನೆಯದು ಏನೂ ಸಿಕ್ಕಿಸದೇ ಇರುವಾಗ ಮಾತ್ರ ಆ ಸ್ಪ್ರಿಂಗನ್ನು ಮುಟ್ಟಿಕೊಂಡಿರುವ ಕಾಲು. ಪ್ಲಗ್ ಒಳಗೆ ಹೋದಾಗ ಸ್ಪ್ರಿಂಗ್ ಸರಿದು ಮೂರನೆಯ ಕಾಲಿನ ಸಂಪರ್ಕ ತಪ್ಪುತ್ತದೆ. ಈ ಮೂರನೆಯ ಕಾಲೇ ನಮ್ಮ ರಕ್ಷಕ. ಸೆಲ್ ಗೂಡಿನ ಕಪ್ಪು ತಂತಿಯನ್ನು ಬೋರ್ಡಿನಿಂದ ಬಿಡಿಸಿ ಈ ಮೂರನೆಯ ಕಾಲಿಗೆ ಬೆಸೆಯಿರಿ. ಎರಡನೆಯ ಕಾಲಿನಿಂದ ಹೊಸ ತಂತಿಯೊಂದನ್ನು ಬೋರ್ಡಿನ ಋಣ ಪ್ಯಾಡಿಗೆ ಎಳೆಯಿರಿ. ನಡುವಿನ ಕಡ್ಡಿಯ ಕಾಲನ್ನು ಸೆಲ್ ಗೂಡಿನ ಕೆಂಪು ತಂತಿ ಇರುವ ಕಡೆಗೇ ಸೇರಿಸಿ. ಆನ್ ಆಫ್ ಸ್ವಿಚ್ ಅದರ ನಂತರ ಬರುವಂತೆ ನೋಡಿಕೊಳ್ಳಿ. ಇಷ್ಟಾದರೆ ಅಡಾಪ್ಟರ್ ಹಾಕಿದಾಗ ಸೆಲ್ ತಾನೇ ಕಳಚಿಕೊಳ್ಳುತ್ತದೆ, ತೆಗೆದಾಗ ತಾನೇ ಕೂಡಿಕೊಳ್ಳುತ್ತದೆ. ಈ ಏರ್ಪಾಡಿಲ್ಲದೆ ಎರಡನ್ನೂ ನೇರವಾಗಿ ಜೋಡಿಸಿಬಿಟ್ಟರೆ ಅಡಾಪ್ಟರಿನ ವಿದ್ಯುತ್ತು ಚಾರ್ಜ್ ಮಾಡಬಾರದ ಸೆಲ್ಲಿನೊಳಗೆ ನುಗ್ಗುತ್ತದೆ. ಸೆಲ್ ಬಿಸಿಯಾಗಿ ಸೋರಬಹುದು, ಒಡೆಯಲೂಬಹುದು. ಮಕ್ಕಳು ಕೈಯಲ್ಲಿ ಹಿಡಿದು ಆಡುವ ವಸ್ತು ಇದು, ಮರೆಯಬೇಡಿ.

ಯಾವ ಕಾಲು ಯಾವುದು ಎಂದು ಊಹಿಸಬೇಡಿ. ಮೀಟರನ್ನು ಸದ್ದು ಮಾಡುವ ಸ್ಥಾನಕ್ಕೆ ತಿರುಗಿಸಿ ಎರಡೆರಡು ಕಾಲುಗಳ ಮೇಲೆ ಕಡ್ಡಿಗಳನ್ನಿಡಿ. ಖಾಲಿ ಜ್ಯಾಕಿನಲ್ಲಿ ಯಾವ ಜೋಡಿ ಸದ್ದು ಮಾಡುತ್ತದೋ ಅವೇ ಎರಡನೆಯದು ಮತ್ತು ಮೂರನೆಯದು. ಈಗ ಪ್ಲಗ್ಗನ್ನು ಒಳಗೆ ತಳ್ಳಿ, ಸದ್ದು ನಿಲ್ಲಬೇಕು. ಪ್ಲಗ್ಗಿನ ಹೊರ ಕೊಳವೆಯ ಜೊತೆಗೆ ಇನ್ನೂ ಸದ್ದು ಮಾಡುವ ಕಾಲೇ ಎರಡನೆಯದು. ಒಂದು ನಿಮಿಷದ ಈ ಪರೀಕ್ಷೆಯನ್ನು ಪ್ರತಿ ಹೊಸ ಜ್ಯಾಕಿಗೂ ಮಾಡಲೇಬೇಕು, ಏಕೆಂದರೆ ಕಾಲುಗಳ ಜೋಡಣೆ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಅಡಾಪ್ಟರಿನ ನಡುವಿನ ಕಡ್ಡಿ ಧನವೇ ಎಂಬುದನ್ನೂ ಅಳೆದು ನೋಡಿ. ಹಿಂದುಮುಂದಾದ ಅಡಾಪ್ಟರ್ ಯಾರಾದರೂ ಸಿಕ್ಕಿಸಿಯಾರು ಎಂಬ ಭಯವಿದ್ದರೆ ಧನ ತಂತಿಯಲ್ಲಿ 1ಎನ್5819 ಷಾಟ್ಕಿ ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಒಂದನ್ನು ಸರಣಿಯಲ್ಲಿ ಹಾಕಿ. ಅದು ನುಂಗುವುದು ಸುಮಾರು 0.3 ವೋಲ್ಟ್ ಮಾತ್ರ. ಸಾಮಾನ್ಯ 1ಎನ್4001 ಆದರೆ 0.7 ವೋಲ್ಟ್ ನುಂಗುತ್ತದೆ, ಇಲ್ಲಿ ಅದು ದುಬಾರಿ.

ಬೆಸುಗೆಯ ಬಗ್ಗೆ ಎರಡು ಮಾತು. ಸೀಸ ಬೆರೆತ 63/37 ಸೋಲ್ಡರ್ 183 ಡಿಗ್ರಿಯಲ್ಲಿ ಕರಗುತ್ತದೆ. ಐರನ್ನಿನ ತುದಿ 320ರಿಂದ 350 ಡಿಗ್ರಿ ಇದ್ದರೆ ಸಾಕು. ಇಂಥ ಅಗ್ಗದ ಬೋರ್ಡುಗಳಲ್ಲಿ ತಾಮ್ರ ತೆಳುವಾಗಿ ಅಂಟಿರುತ್ತದೆ, ಹೆಚ್ಚು ಹೊತ್ತು ಕಾಯಿಸಿದರೆ ಪ್ಯಾಡ್ ಸಮೇತ ಎದ್ದುಬರುತ್ತದೆ. ತಂತಿಯ ತುದಿಗೂ ಪ್ಯಾಡಿಗೂ ಬೇರೆ ಬೇರೆಯಾಗಿ ಮೊದಲು ಸೋಲ್ಡರ್ ಬಳಿದು, ಆಮೇಲೆ ಒಂದರ ಮೇಲೊಂದು ಇಟ್ಟು ಎರಡು ಸೆಕೆಂಡು ಮುಟ್ಟಿಸಿ ಬಿಡಿ. ಬೆಸುಗೆ ಹೊಳೆಯಬೇಕು, ಅಂಚು ಪ್ಯಾಡಿನ ಮೇಲೆ ಹರಡಿರಬೇಕು. ಹನಿಯಂತೆ ದುಂಡಗೆ ಕುಳಿತಿದ್ದರೆ ಅದು ಹಿಡಿದಿಲ್ಲ. ಕೆಲಸವಾದ ಮೇಲೆ ಕೈ ತೊಳೆದುಕೊಳ್ಳಿ, ಕಿಟಕಿ ತೆರೆದಿರಲಿ.

ಹಿಡಿ ಮತ್ತು ಗುಂಡಿ

ಹೇಗೂ ತೆರೆದಿದ್ದೀರಿ, ಜಾಯ್‌ಸ್ಟಿಕ್ಕಿನ ಕೈಗುಣವನ್ನೂ ಸರಿಮಾಡಿಬಿಡಿ. ಈ ಆಟಿಕೆಗಳ ಹಿಡಿಯೊಳಗೆ ಸಾಮಾನ್ಯವಾಗಿ ಕಾರ್ಬನ್ ಬಳಿದ ರಬ್ಬರ್ ಗುಂಡಿಗಳೋ ಒತ್ತಿದರೆ ಟಿಕ್ಕೆನ್ನುವ ಲೋಹದ ಬಿಲ್ಲೆಗಳೋ ಇರುತ್ತವೆ. ರಬ್ಬರಿನದ್ದಾದರೆ ಕಾರ್ಬನ್ ಮುಖವನ್ನು ಬಿಳಿ ಕಾಗದದ ಮೇಲೆ ಹಗುರವಾಗಿ ಉಜ್ಜಿ. ಕಾಗದದ ಮೇಲೆ ಬೂದು ಗೆರೆ ಬಂದರೆ ಕೊಳೆ ಹೋಯಿತು ಎಂದು ತಿಳಿಯಿರಿ, ಅಲ್ಲಿಗೆ ನಿಲ್ಲಿಸಿ. ಬೋರ್ಡಿನ ಮೇಲಿನ ಜೋಡಿ ಸಂಪರ್ಕಗಳನ್ನು ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಮರಳು ಕಾಗದ ಬೇಡವೇ ಬೇಡ.

ನನ್ನ ಅಭಿಪ್ರಾಯದಲ್ಲಿ ಶುದ್ಧಿ ಮಾಡಿದ ರಬ್ಬರ್ ಗುಂಡಿ ಮನೆಯ ಆಟಕ್ಕೆ ಸಾಕು. ನಿಖರತೆ ಬೇಕೆನ್ನುವವರು ಹೊರಗಿನ ಒಳ್ಳೆಯ ಜಾಯ್‌ಸ್ಟಿಕ್ ಜೋಡಿಸುವುದೇ ಲೇಸು. ಇಕ್ಕಟ್ಟಾದ ಡಬ್ಬಿಯೊಳಗೆ ಮೈಕ್ರೊಸ್ವಿಚ್ಚುಗಳನ್ನು ತುರುಕಲು ಹೋದರೆ ಪ್ಲಾಸ್ಟಿಕ್ ಕೊರೆದು ಹಾಳುಮಾಡಬೇಕಾಗುತ್ತದೆ, ಹಿಡಿ ಮತ್ತೆ ಮೊದಲಿನ ಜಾಗಕ್ಕೆ ಸರಿಯಾಗಿ ಕೂರುವುದಿಲ್ಲ.

ಹೊರಗಿನ ಜಾಯ್‌ಸ್ಟಿಕ್ ಜೋಡಿಸುವುದು ಎಲ್ಲಕ್ಕಿಂತ ಸುಲಭ. ಅಟಾರಿ ಕಾಲದಿಂದ ಬಂದ ಒಂಬತ್ತು ಪಿನ್ನಿನ ಜೋಡಣೆಯಲ್ಲಿ 1 ಮೇಲಕ್ಕೆ, 2 ಕೆಳಕ್ಕೆ, 3 ಎಡಕ್ಕೆ, 4 ಬಲಕ್ಕೆ, 6 ಗುಂಡು ಹಾರಿಸುವ ಗುಂಡಿ, 8 ನೆಲ (ಗ್ರೌಂಡ್, ಅಂದರೆ ಸೆಲ್ಲಿನ ಋಣಕ್ಕೆ ಸೇರಿದ್ದು). ಒಳಗೆ ಯಾವ ಜಾಣತನವೂ ಇಲ್ಲ, ಪ್ರತಿ ಸ್ವಿಚ್ಚೂ ತನ್ನ ಪಿನ್ನನ್ನು 8ನೆಯ ಪಿನ್ನಿಗೆ ಮುಟ್ಟಿಸುತ್ತದೆ, ಅಷ್ಟೇ. ಆದ್ದರಿಂದ ಆಟಿಕೆಯ ಪ್ರತಿ ಗುಂಡಿಯ ನೆಲಕ್ಕೆ ಸೇರದ ಬದಿಯಿಂದ ಒಂದೊಂದು ತಂತಿ, ನೆಲದಿಂದ ಒಂದು ತಂತಿ ತಂದು ಈ ಪಿನ್ನುಗಳಿಗೆ ಬೆಸೆದರೆ ಮುಗಿಯಿತು. ಯಾವ ಬದಿ ನೆಲ ಎಂದು ತಿಳಿಯಲು ಮೀಟರಿನ ಒಂದು ಕಡ್ಡಿಯನ್ನು ಸೆಲ್ ಗೂಡಿನ ಋಣದ ಮೇಲಿಟ್ಟು ಇನ್ನೊಂದರಿಂದ ಗುಂಡಿಯ ಎರಡೂ ಸಂಪರ್ಕ ಮುಟ್ಟಿ ನೋಡಿ. ಎರಡೂ ಬದಿ ಸದ್ದು ಮಾಡದಿದ್ದರೆ ನಿಮ್ಮ ಆಟಿಕೆಯಲ್ಲಿ ಗುಂಡಿಗಳನ್ನು ಅಡ್ಡಸಾಲು, ಉದ್ದಸಾಲುಗಳ ಜಾಲವಾಗಿ ಹೆಣೆದಿದ್ದಾರೆ ಎಂದಾಗುತ್ತದೆ. ಅಂಥದಕ್ಕೆ ಈ ಸರಳ ದಾರಿ ಒಪ್ಪುವುದಿಲ್ಲ, ಕೈಬಿಡಿ. 7ನೆಯ ಪಿನ್ನಿನಲ್ಲಿ 5 ವೋಲ್ಟ್ ಇರಬೇಕೆಂಬುದು ವಾಡಿಕೆ. ಸಾದಾ ಜಾಯ್‌ಸ್ಟಿಕ್ಕಿಗೆ ಅದು ಬೇಡ, ತಾನೇ ತಾನಾಗಿ ಗುಂಡು ಹಾರಿಸುವ ಬಗೆಯದಕ್ಕೆ ಮಾತ್ರ ಬೇಕು. ನಾನು ಅದನ್ನು ಖಾಲಿ ಬಿಡುತ್ತೇನೆ. ಡಿಟಿವಿಯಲ್ಲಿ ಎರಡನೆಯ ಆಟಗಾರನ ಸಂಪರ್ಕಗಳೂ ಇವೆ, ಅವುಗಳನ್ನೂ ಹೀಗೆಯೇ ಹೊರಗೆ ತನ್ನಿ. ಇಬ್ಬರು ಎದುರುಬದುರಾಗಿ ಆಡುವ ಆಟವನ್ನು ಒಬ್ಬರೇ ಆಡುವುದು ಯಾವ ನ್ಯಾಯ?

ಕೀಬೋರ್ಡ್ ಬಂದ ಕ್ಷಣ

ಈಗ ನನಗೆ ಅತಿ ಪ್ರಿಯವಾದ ಭಾಗ. ಡಿಟಿವಿಯ ಚಿಪ್ಪು ಪಿಎಸ್/2 ಕೀಬೋರ್ಡಿನ (ಹಳೆಯ ಪಿಸಿಗಳ ದುಂಡು ಪ್ಲಗ್ಗಿನ ಕೀಬೋರ್ಡ್) ಭಾಷೆಯನ್ನು ತಾನೇ ಬಲ್ಲದು. ಬೇರೆ ಚಿಪ್ಪು, ಬೇರೆ ಪ್ರೋಗ್ರಾಂ ಯಾವುದೂ ಬೇಕಿಲ್ಲ. ಆರು ಪಿನ್ನಿನ ದುಂಡು ಸಾಕೆಟ್ ಒಂದು, ನಾಲ್ಕು ತಂತಿ. ಸಾಕೆಟ್ಟಿನಲ್ಲಿ 1 ದತ್ತಾಂಶ, 3 ನೆಲ, 4 ಧನ 5 ವೋಲ್ಟ್, 5 ಗಡಿಯಾರ. 2 ಮತ್ತು 6 ಖಾಲಿ. ದತ್ತಾಂಶ ಮತ್ತು ಗಡಿಯಾರದ ಪ್ಯಾಡುಗಳನ್ನು ನಿಮ್ಮ ಆವೃತ್ತಿಯ ನಕ್ಷೆಯಲ್ಲಿ ಗುರುತಿಸಿ ತೆಳು ತಂತಿಯಿಂದ ಬೆಸೆಯಿರಿ. 5 ವೋಲ್ಟನ್ನು ಬೋರ್ಡಿನ ಮೇಲಿನ ಯಾವುದೋ ಬಿಂದುವಿನಿಂದ ಕದಿಯಬೇಡಿ, ಸ್ವಿಚ್ಚಿನ ನಂತರದ ಜಾಗದಿಂದಲೇ ದಪ್ಪ ತಂತಿಯಲ್ಲಿ ತನ್ನಿ. ಹಳೆಯ ಕೀಬೋರ್ಡುಗಳು ನೂರು ಮಿಲಿಆಂಪಿಯರಿಗೂ ಹೆಚ್ಚು ಎಳೆಯುತ್ತವೆ, ಕೂದಲೆಳೆಯಂಥ ಗೆರೆಗೆ ಆ ಹೊರೆ ಹೊರಿಸುವುದು ಸಲ್ಲದು. ಕೀಬೋರ್ಡ್ ಇರುವಾಗ ಅಡಾಪ್ಟರಿನಲ್ಲೇ ನಡೆಸಿ. ಹೊಸ ಸೆಲ್ಲಿನ 6 ವೋಲ್ಟ್ ಕೀಬೋರ್ಡಿಗೆ ಹೆಚ್ಚು.

ಕೀಬೋರ್ಡ್ ಸಿಕ್ಕಿಸುವ ಮೊದಲು ಸಾಕೆಟ್ಟಿನಲ್ಲಿ ಮೀಟರ್ ಇಟ್ಟು 3 ಮತ್ತು 4ರ ನಡುವೆ 5 ವೋಲ್ಟ್ ಸರಿಯಾದ ದಿಕ್ಕಿನಲ್ಲಿದೆಯೇ ನೋಡಿ. ಸಾಕೆಟ್ಟಿನ ಹಿಂಬದಿಯಿಂದ ನೋಡುವಾಗ ಪಿನ್ನುಗಳು ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗಿರುತ್ತವೆ. ಹೆಚ್ಚಿನ ತಪ್ಪುಗಳು ಆಗುವುದು ಇಲ್ಲೇ. ದತ್ತಾಂಶ ಮತ್ತು ಗಡಿಯಾರ ಅದಲುಬದಲಾದರೆ ಕೀಬೋರ್ಡ್ ಕೆಲಸ ಮಾಡುವುದಿಲ್ಲ, ಆದರೆ ಏನೂ ಸುಡುವುದಿಲ್ಲ, ತಿರುಗಿಸಿ ಬೆಸೆದರಾಯಿತು. 5 ವೋಲ್ಟ್ ಮತ್ತು ನೆಲ ಅದಲುಬದಲಾದರೆ ಕೀಬೋರ್ಡ್ ಹೋಯಿತು.

ಸ್ವಿಚ್ ಹಾಕಿದೊಡನೆ ಕೀಬೋರ್ಡಿನ ಮೂರು ದೀಪಗಳು ಒಮ್ಮೆ ಮಿನುಗಿ ಆರಬೇಕು. ಅದು ಕೀಬೋರ್ಡ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಬಗೆ. ದೀಪ ಮಿನುಗಿದರೆ ವಿದ್ಯುತ್ತು ಸರಿಯಾಗಿ ತಲುಪಿದೆ ಎಂದಷ್ಟೇ ಅರ್ಥ, ಅಕ್ಷರಗಳು ಬರುತ್ತವೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಯುಎಸ್‌ಬಿ ಕೀಬೋರ್ಡಿಗೆ ಹಸಿರೋ ನೇರಳೆಯೋ ಬಣ್ಣದ ಪರಿವರ್ತಕ ಸಿಕ್ಕಿಸಿ ಪ್ರಯತ್ನಿಸುವವರಿಗೊಂದು ಮಾತು: ಆ ಪರಿವರ್ತಕ ಬರೀ ತಂತಿ. ಎರಡೂ ಭಾಷೆ ಬಲ್ಲ ಕೀಬೋರ್ಡಿನ ಜೊತೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಅಸಲಿ ಪಿಎಸ್/2 ಕೀಬೋರ್ಡನ್ನೇ ಹುಡುಕಿಕೊಳ್ಳಿ.

ಬೇಸಿಕ್ ಎಂಬ ಪ್ರೋಗ್ರಾಂ ಭಾಷೆಯ ಪರದೆಗೆ ಹೋಗಲು, ಆನ್ ಮಾಡಿದಾಗ ಬರುವ ನೀಲಿ ಪರದೆಯ ಹೊತ್ತಿಗೆ ಜಾಯ್‌ಸ್ಟಿಕ್ಕನ್ನು ಎಡಕ್ಕೂ ಬಲಕ್ಕೂ ಬೇಗ ಬೇಗ ಅಲ್ಲಾಡಿಸಿ. ಆಟಗಳ ಪಟ್ಟಿಯ ಬದಲು ಕಮೊಡೋರಿನ ಬೇಸಿಕ್ ಪರದೆ ತೆರೆದುಕೊಳ್ಳುತ್ತದೆ. ತಿಳಿನೀಲಿ ಅಂಚು, ಕಡುನೀಲಿ ಹಾಳೆ, ರೆಡಿ ಎಂಬ ಪದ, ಅದರ ಕೆಳಗೆ ಮಿಡಿಯುವ ಚೌಕ. ಮೊದಲಿಗೆ ಲೋಡ್ ಎಂದು ಒತ್ತಿ, ಉದ್ಧರಣ ಚಿಹ್ನೆಗಳ ನಡುವೆ ಡಾಲರ್ ಚಿಹ್ನೆ ಹಾಕಿ, ಅಲ್ಪವಿರಾಮ ಕೊಟ್ಟು 1 ಒತ್ತಿ ನೋಡಿ. ಹಳೆಯ ಯಂತ್ರದಲ್ಲಿ 1 ಎಂದರೆ ಕ್ಯಾಸೆಟ್. ಇಲ್ಲಿ ಆ ಸಂಖ್ಯೆಯನ್ನು ಒಳಗಿನ ನೆನಪಿನ ಚಿಪ್ಪಿಗೆ ಕೊಟ್ಟಿದ್ದಾರೆ. ಆಮೇಲೆ ಲಿಸ್ಟ್ ಎಂದರೆ ಒಳಗಿರುವ ಕಡತಗಳ ಪಟ್ಟಿ ಸಾಲುಸಾಲಾಗಿ ಇಳಿಯುತ್ತದೆ. ಮುಚ್ಚಿದ ಪೆಟ್ಟಿಗೆ ಎಂದುಕೊಂಡಿದ್ದ ವಸ್ತು ತನ್ನ ಲೆಕ್ಕಪತ್ರವನ್ನು ತಾನೇ ಮುಂದಿಡುವುದನ್ನು ನೋಡುವಾಗ ಆಗುವ ಸಂತೋಷ ಅಷ್ಟಿಷ್ಟಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಈ ಹೊತ್ತಿಗೆ ಖಂಡಿತ ಕರೆಯಿರಿ. ಎರಡು ಸಾಲಿನ ಪ್ರೋಗ್ರಾಂ ಬರೆದು ತಮ್ಮ ಹೆಸರು ಪರದೆ ತುಂಬ ಹರಿಯುವುದನ್ನು ಅವರು ನೋಡಲಿ.

ಡಿಸ್ಕಿನ ತಂತಿ

ಬರೆದ ಪ್ರೋಗ್ರಾಂ ಉಳಿಯಬೇಕಾದರೆ ಡಿಸ್ಕ್ ಬೇಕು. ಕಮೊಡೋರಿನ ಹಳೆಯ ಡ್ರೈವುಗಳು ಆರು ಪಿನ್ನಿನ ದೊಡ್ಡ ಡಿನ್ ಸಾಕೆಟ್ಟಿನ ಮೂಲಕ ಮಾತಾಡುತ್ತವೆ: 2 ನೆಲ, 3 ಅಟೆನ್ಷನ್, 4 ಗಡಿಯಾರ, 5 ದತ್ತಾಂಶ, 6 ರೀಸೆಟ್. 1ನೆಯದು ನಮಗೆ ಬೇಡ. ರೀಸೆಟ್ ತಂತಿ ಇಲ್ಲದೆಯೂ ಕೆಲಸ ನಡೆಯುತ್ತದೆ. ಇದೂ ಕೀಬೋರ್ಡಿನಂತೆಯೇ ಬರೀ ತಂತಿ ಎಳೆಯುವ ಕೆಲಸ.

ಅಸಲಿ 1541 ಡ್ರೈವ್ ನಿಮ್ಮ ಬಳಿ ಇದ್ದರೆ ಅದೃಷ್ಟವಂತರು. ಅದು ಸೆಕೆಂಡಿಗೆ ಸುಮಾರು 400 ಬೈಟುಗಳಷ್ಟೇ ಓದುತ್ತದೆ, ಆಟವೊಂದು ಬರುವುದರೊಳಗೆ ಚಹಾ ಮುಗಿದಿರುತ್ತದೆ. ಅದಿಲ್ಲದವರಿಗೆ ಎಸ್‌ಡಿ2ಐಇಸಿ ಎಂಬ ಪುಟ್ಟ ಬೋರ್ಡಿದೆ. ಎಸ್‌ಡಿ ಕಾರ್ಡಿನಲ್ಲಿರುವ ಡಿಸ್ಕಿನ ಪಡಿಯಚ್ಚು ಕಡತಗಳನ್ನು ಡ್ರೈವಿನಂತೆಯೇ ಒದಗಿಸುತ್ತದೆ, 5 ವೋಲ್ಟಿನಲ್ಲಿ ನಡೆಯುತ್ತದೆ, ಜಾಯ್‌ಸ್ಟಿಕ್ಕಿನ ಪಕ್ಕದ ಸಣ್ಣ ಡಬ್ಬಿಯಲ್ಲಿ ಹಿಡಿಯುತ್ತದೆ. ನಾನು ಇದನ್ನೇ ಶಿಫಾರಸು ಮಾಡುತ್ತೇನೆ. ಒಂದು ಮಿತಿ ಮಾತ್ರ ತಿಳಿದಿರಲಿ. 1541ರ ಒಳಗೆ ತನ್ನದೇ ಪ್ರೊಸೆಸರ್ ಇದೆ. ಕೆಲವು ಆಟಗಳು ಬೇಗ ಓದಲೆಂದು ಆ ಪ್ರೊಸೆಸರಿಗೇ ತಮ್ಮ ಪ್ರೋಗ್ರಾಂ ಕಳಿಸುತ್ತವೆ. ಎಸ್‌ಡಿ2ಐಇಸಿಯಲ್ಲಿ ಆ ಪ್ರೊಸೆಸರ್ ಇಲ್ಲದ ಕಾರಣ ಅಂಥ ಹಲವು ಆಟಗಳು ಅರ್ಧಕ್ಕೇ ನಿಲ್ಲುತ್ತವೆ. ಒಂದೇ ಕಡತದಲ್ಲಿ ಮುಗಿಯುವ ಆಟಗಳಿಗೆ ಯಾವ ತೊಂದರೆಯೂ ಇಲ್ಲ.

ಜೋಡಿಸಿದ ಮೇಲೆ ಅದೇ ಡಾಲರ್ ಚಿಹ್ನೆಯ ಆಜ್ಞೆಯನ್ನು 1ರ ಬದಲು 8 ಹಾಕಿ ಕೊಡಿ. ಪಟ್ಟಿ ಬಂದರೆ ಎಲ್ಲ ಸರಿ. ಸಾಧನವೇ ಇಲ್ಲ ಎಂಬ ತಪ್ಪುಸಂದೇಶ ಬಂದರೆ ಮೊದಲು ಅಟೆನ್ಷನ್ ತಂತಿಯನ್ನು, ಆಮೇಲೆ ನೆಲದ ತಂತಿಯನ್ನು ಮೀಟರಿನಲ್ಲಿ ಈ ತುದಿಯಿಂದ ಆ ತುದಿಗೆ ಪರೀಕ್ಷಿಸಿ.

ಪಾಲ್ ಆವೃತ್ತಿಯ ಫ್ಲ್ಯಾಶಿನಲ್ಲಿ ಆಟಗಳನ್ನು ಬದಲಿಸಬೇಕೆಂದಿದ್ದರೆ ಅದಕ್ಕೂ ದಾರಿ ಈ ಡಿಸ್ಕಿನಿಂದಲೇ. ಆದರೆ ಮೊದಲು ಒಳಗಿರುವುದನ್ನು ಪೂರ್ತಿ ನಕಲು ಮಾಡಿಟ್ಟುಕೊಳ್ಳಿ. ಬರೆಯುವ ಮಧ್ಯೆ ವಿದ್ಯುತ್ತು ಹೋದರೆ ಯಂತ್ರ ಮತ್ತೆ ಏಳದಿರಬಹುದು. ಆಗ ಚಿಪ್ಪನ್ನೇ ಕಿತ್ತು ಹೊರಗೆ ಬರೆಯಬೇಕಾದೀತು. ಆಟಗಳನ್ನು ಡಿಸ್ಕಿನಿಂದಲೇ ತರಬಹುದಾದಾಗ ಈ ಅಪಾಯಕ್ಕೆ ಕೈಹಾಕುವ ಅಗತ್ಯ ನನಗೆ ಕಂಡಿಲ್ಲ.

ಬಣ್ಣದ ಕೊರತೆ

ಪಾಲ್ ಡಿಟಿವಿಯ ಬಣ್ಣಗಳು ಮಂಕಾಗಿ, ಏನೋ ತಪ್ಪಿದಂತೆ ಕಾಣುತ್ತವೆ. ಟೀವಿಯನ್ನು ದೂರಬೇಡಿ. ಚಿಪ್ಪಿನಿಂದ ಹೊರಬರುವ ಅಂಕಿಗಳನ್ನು ವೋಲ್ಟೇಜಾಗಿ ಬದಲಿಸುವ ರೆಸಿಸ್ಟರುಗಳ ಸಾಲಿನಲ್ಲಿ ತಪ್ಪು ಬೆಲೆಯ ರೆಸಿಸ್ಟರುಗಳನ್ನು ಹಾಕಿಬಿಟ್ಟಿದ್ದರು. ಅವನ್ನು ಬದಲಿಸಿದರೆ ಬಣ್ಣ ಕಳೆಗಟ್ಟುತ್ತದೆ. ಆದರೆ ಇವು ಸಾಸಿವೆಯಷ್ಟು ಸಣ್ಣ ಬಿಡಿಭಾಗಗಳು, ಕಿತ್ತು ಹಾಕುವ ಕೆಲಸ, ಹಿಂದಿರುಗುವ ದಾರಿ ಕಷ್ಟ. ಹಾಳಾದ ಬೇರೆ ಯಾವುದಾದರೂ ಬೋರ್ಡಿನ ಮೇಲೆ ಕೈ ಪಳಗಿಸಿಕೊಂಡ ಮೇಲೆ ಮಾತ್ರ ಇದಕ್ಕೆ ಇಳಿಯಿರಿ. ಬೆಳಕು ಮತ್ತು ಬಣ್ಣದ ಸಂಕೇತಗಳು ಬೋರ್ಡಿನ ಮೇಲೆ ಬೇರೆ ಬೇರೆಯಾಗಿಯೇ ಹುಟ್ಟಿ ಆಮೇಲೆ ಕೂಡುವುದರಿಂದ, ಕೂಡುವ ಮೊದಲೇ ಹೊರಗೆಳೆದು ಎಸ್-ವಿಡಿಯೊ ಸಾಕೆಟ್ಟಿಗೆ ಕೊಟ್ಟರೆ ಅಕ್ಷರಗಳ ಅಂಚು ಇನ್ನೂ ಚುರುಕಾಗಿ ಕಾಣುತ್ತದೆ. ಅದೂ ಪಳಗಿದ ಕೈಗೆ.

ಧ್ವನಿಯ ಬಗ್ಗೆ ಮಾತ್ರ ಏನೂ ಮಾಡಲಾಗದು. ಅಸಲಿ ಕಮೊಡೋರಿನ ಧ್ವನಿ ಚಿಪ್ಪಿನಲ್ಲಿದ್ದ ಫಿಲ್ಟರ್ ಈ ಒಂಟಿ ಚಿಪ್ಪಿನಲ್ಲಿ ಇಲ್ಲ. ಕೆಲವು ಹಾಡುಗಳು ಒಣಗಿದಂತೆ ಕೇಳಿಸಿದರೆ ಅದಕ್ಕೆ ನಿಮ್ಮ ಬೆಸುಗೆ ಕಾರಣವಲ್ಲ.

ಮುಚ್ಚುವ ಮುನ್ನ

ಸಾಕೆಟ್ಟುಗಳಿಗೆ ತೂತು ಕೊರೆಯುವಾಗ ಬೋರ್ಡ್ ಹೊರಗಿರಲಿ. ಪ್ಲಾಸ್ಟಿಕ್ ಪುಡಿ ಗುಂಡಿಗಳ ಅಡಿಗೆ ಸೇರಿದರೆ ಶುದ್ಧಿ ಮಾಡಿದ್ದೆಲ್ಲ ವ್ಯರ್ಥ. ಜಾಯ್‌ಸ್ಟಿಕ್ಕನ್ನು ಕೈಯಲ್ಲಿ ಹಿಡಿದು ನಿಮ್ಮ ಬೆರಳುಗಳು ಎಲ್ಲಿ ಬರುತ್ತವೆ ಎಂದು ನೋಡಿ, ತಂತಿಗಳೆಲ್ಲ ಹಿಂಬದಿಗೆ, ಟೀವಿ ತಂತಿ ಹೊರಡುವ ಕಡೆಗೇ ಬರುವಂತೆ ಗುರುತು ಹಾಕಿ. ಪ್ರತಿ ತಂತಿಯೂ ಬೋರ್ಡಿಗೆ ಬೆಸೆದ ಜಾಗದಿಂದ ಬೆರಳಗಲ ದೂರದಲ್ಲಿ ಬಿಸಿ ಅಂಟಿನ ಒಂದು ಹನಿಯಿಂದ ಹಿಡಿದಿರಲಿ. ಯಾರಾದರೂ ಎಳೆದಾಗ ಆ ಎಳೆತ ಅಂಟಿನಲ್ಲೇ ನಿಲ್ಲಬೇಕು, ಪ್ಯಾಡಿನವರೆಗೆ ಹೋಗಬಾರದು. ಬೆಸುಗೆಯ ಮೇಲೆಯೇ ಅಂಟು ಸುರಿಯಬೇಡಿ, ಮುಂದೆ ದುರಸ್ತಿ ಮಾಡುವವರು ನಿಮ್ಮನ್ನು ಶಪಿಸುತ್ತಾರೆ.

ಯಾವ ಬಣ್ಣದ ತಂತಿ ಯಾವ ಪಿನ್ನಿಗೆ ಹೋಗಿದೆ ಎಂದು ಒಂದು ಚೀಟಿಯಲ್ಲಿ ಬರೆದು ಸೆಲ್ ಮುಚ್ಚಳದ ಒಳಬದಿಗೆ ಅಂಟಿಸಿ. ಅಡಾಪ್ಟರ್ 5 ವೋಲ್ಟ್, ನಡುವೆ ಧನ ಎಂಬುದನ್ನು ಜ್ಯಾಕಿನ ಪಕ್ಕದಲ್ಲಿ ಹೊರಗೇ ಬರೆಯಿರಿ. ಸ್ಕ್ರೂ ಬಿಗಿಯುವ ಮೊದಲು ಒಮ್ಮೆ ಎಲ್ಲವನ್ನೂ ಜೋಡಿಸಿ ನಡೆಸಿ ನೋಡಿ: ಕೀಬೋರ್ಡು, ಡಿಸ್ಕು ತೆಗೆದಿಟ್ಟು ಸೆಲ್ಲಿನಲ್ಲಿ ಒಮ್ಮೆ, ಅಡಾಪ್ಟರಿನಲ್ಲಿ ಎಲ್ಲವೂ ಸೇರಿ ಒಮ್ಮೆ, ಹಿಡಿಯನ್ನು ನಾಲ್ಕೂ ದಿಕ್ಕಿಗೆ ಪೂರ್ತಿ ಬಾಗಿಸಿ ಒಮ್ಮೆ. ಬಾಗಿಸುವಾಗ ಯಾವ ತಂತಿಯೂ ಹಿಡಿಯ ಬುಡಕ್ಕೆ ಸಿಕ್ಕಿಕೊಳ್ಳದಿದ್ದರೆ ಮುಚ್ಚಬಹುದು. ಸ್ಕ್ರೂಗಳನ್ನು ಮೊದಲು ಹಿಂದಕ್ಕೆ ತಿರುಗಿಸಿ. ಹಳೆಯ ಎಳೆಯಲ್ಲಿ ಕೂತಾಗ ಸಣ್ಣಗೆ ಟಕ್ಕೆನ್ನುತ್ತದೆ, ಆಮೇಲೆ ಬಿಗಿಯಿರಿ. ಪ್ಲಾಸ್ಟಿಕ್ಕಿನಲ್ಲಿ ಹೊಸ ಎಳೆ ಬೀಳದಂತೆ ನೋಡಿಕೊಂಡರೆ ಈ ಡಬ್ಬಿಯನ್ನು ಇನ್ನೂ ಹಲವು ಸಲ ತೆರೆದು ಮುಚ್ಚಬಹುದು.